ಕೊಲೊನೋಸ್ಕೋಪಿ ಮಾಡಿಸಿಕೊಂಡು ಬಂದೆ: ದಾವಣಗೆರೆಯ ಒಂದು ಸೆಂಟರ್‌ನ ಅನುಭವ

ಹೋದ ತಿಂಗಳು ದಾವಣಗೆರೆಯ ಒಂದು ಖಾಸಗಿ ಗ್ಯಾಸ್ಟ್ರೋ ಸೆಂಟರ್‌ನಲ್ಲಿ ಕೊಲೊನೋಸ್ಕೋಪಿ ಮಾಡಿಸಿಕೊಂಡೆ. ದೊಡ್ಡ ಕರುಳಿನ ಒಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ ಅದು. 5ಕ್ಕೆ 4 ಸ್ಟಾರ್ ಕೊಡುತ್ತೇನೆ. ಡಾಕ್ಟರಿಗೆ ಮತ್ತು ಒಳಗಿನ ಸಿಸ್ಟರ್‌ಗಳಿಗೆ ಪೂರ್ತಿ 5. ಒಂದು ಸ್ಟಾರ್ ಕಳೆದದ್ದು ಅವರು ಕೈಗೆ ಕೊಡುವ ಒಂದು ಹಾಳೆಗಾಗಿ, ಮತ್ತೆ ಕಾಯುವ ಜಾಗದ ಟಾಯ್ಲೆಟ್‌ಗಾಗಿ. ಸೆಂಟರ್ ಹೆಸರು ಬರೆಯುತ್ತಿಲ್ಲ. ಬೇರೆ ಊರಿನವರೂ ಇದನ್ನು ಓದಿ, ತಮ್ಮ ಊರಿನಲ್ಲಿ ಹೋದಾಗ ಏನು ಕೇಳಬೇಕು, ಏನು ನೋಡಬೇಕು ಅಂತ ತಿಳಿದುಕೊಳ್ಳಲಿ ಅನ್ನೋದೇ ನನ್ನ ಆಸೆ.

ಯಾಕೆ ಹೋದೆ ಅನ್ನೋದನ್ನು ಮೊದಲು ಹೇಳಬೇಕು. ಅಪ್ಪಾಜಿ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು. ರಿಟೈರ್ ಆದ ಮರುವರ್ಷ, 61ನೇ ವಯಸ್ಸಿನಲ್ಲಿ, ಟಾಯ್ಲೆಟ್‌ಗೆ ಹೋದಾಗ ರಕ್ತ ಬೀಳಲು ಶುರುವಾಯಿತು. ಉಷ್ಣ ಆಗಿದೆ ಅಂದುಕೊಂಡರು. ಆಮೇಲೆ ಮೂಲವ್ಯಾಧಿ ಇರಬೇಕು ಅಂದುಕೊಂಡರು. ಮೂಲಂಗಿ ರಸ ಕುಡಿದರು, ಮಜ್ಜಿಗೆ ಕುಡಿದರು, ಯಾರೋ ಕೊಟ್ಟ ಬೇರಿನ ಪುಡಿಯನ್ನೂ ತಿಂದರು. ಹೀಗೇ 11 ತಿಂಗಳು ಕಳೆಯಿತು. ಅಮ್ಮನಿಗೂ ಹೇಳಿರಲಿಲ್ಲ. ಕೊನೆಗೆ ತೂಕ ಇಳಿದು, ಮೆಟ್ಟಿಲು ಹತ್ತಿದರೆ ಏದುಸಿರು ಬರುವಂತಾದಾಗ ನಾವೇ ಎಳೆದುಕೊಂಡು ಹೋದೆವು. ದೊಡ್ಡ ಕರುಳಿನ ಕೊನೆಯ ಹತ್ತಿರ, ಎಸ್ ಅಕ್ಷರದ ತರ ತಿರುಗುವ ಭಾಗದಲ್ಲಿ ಕ್ಯಾನ್ಸರ್ ಇತ್ತು. ಆಪರೇಷನ್ ಆಯಿತು, ಕೀಮೋ ಆಯಿತು. ಈಗ ಅವರಿಗೆ 68, ಚೆನ್ನಾಗಿದ್ದಾರೆ, ದಿನಾ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ. ಅವತ್ತು ಸರ್ಜನ್ ನಮ್ಮನ್ನು ಕೂರಿಸಿಕೊಂಡು ಒಂದು ಮಾತು ಹೇಳಿದ್ದರು. ಹೆತ್ತವರಿಗೋ ಒಡಹುಟ್ಟಿದವರಿಗೋ ಈ ಕಾಯಿಲೆ ಬಂದಿದ್ದರೆ, 40 ವರ್ಷಕ್ಕೆ ಅಥವಾ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲು, ಎರಡರಲ್ಲಿ ಯಾವುದು ಮುಂಚೆ ಬರುತ್ತದೋ ಆಗ ಈ ಪರೀಕ್ಷೆ ಮಾಡಿಸಬೇಕು ಅಂತ. ನನಗೆ ಈಗ 43. ಮೂರು ವರ್ಷ ತಡ ಮಾಡಿದ್ದೇನೆ. ಭಯ ಅರ್ಧ, ನಾಚಿಕೆ ಅರ್ಧ.

ಮೊದಲ ದಿನ ಬರೀ ಮಾತುಕತೆ. ಅಲ್ಲಿನ ಒಬ್ಬ ಸಿಸ್ಟರ್ ಗೋಡೆಯ ಚಿತ್ರದ ಮುಂದೆ ನಿಲ್ಲಿಸಿಕೊಂಡು ಹತ್ತು ನಿಮಿಷ ವಿವರಿಸಿದರು. ಇಷ್ಟು ಸಮಾಧಾನವಾಗಿ ಆಸ್ಪತ್ರೆಯಲ್ಲಿ ಯಾರೂ ನನಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ. "ಅಕ್ಕ, ಬಾಗಿಲಿಗೆ ತೋರಣ ಕಟ್ಟಿದ್ದೀರಲ್ಲ, ದೊಡ್ಡ ಕರುಳು ಹಾಗೇ ಇರುತ್ತೆ" ಅಂದರು. ಹೊಟ್ಟೆಯ ಬಲಗಡೆ ಕೆಳಗೆ ಒಂದು ಚೀಲದ ತರ ಶುರುವಾಗುತ್ತದೆ. ಅದಕ್ಕೆ ಸೀಕಮ್ ಅಂತಾರೆ, ಅಪೆಂಡಿಕ್ಸ್ ಅನ್ನೋ ಸಣ್ಣ ಬಾಲ ಅದಕ್ಕೇ ನೇತಾಡುತ್ತಿರುತ್ತದೆ. ಅಲ್ಲಿಂದ ಬಲಗಡೆಯೇ ಮೇಲಕ್ಕೆ ಲಿವರ್ ತನಕ ಏರಿ, ಅಲ್ಲಿ ತಿರುಗಿ, ಹೊಟ್ಟೆಯ ಅಡ್ಡಕ್ಕೆ ಸ್ವಲ್ಪ ಜೋತುಬಿದ್ದುಕೊಂಡು ಎಡಗಡೆ ಗುಲ್ಮದವರೆಗೆ, ಅಂದರೆ ಸ್ಪ್ಲೀನ್ ತನಕ ಹೋಗುತ್ತದೆ. ಮತ್ತೆ ತಿರುಗಿ ಕೆಳಗಿಳಿದು, ಎಸ್ ಆಕಾರದಲ್ಲಿ ಸುತ್ತಿ, ಗುದನಾಳ ಸೇರುತ್ತದೆ. ಈ ತೋರಣದ ಒಳಗಿನ ಜಾಗದಲ್ಲಿ ಸಣ್ಣ ಕರುಳು ಸುರುಳಿ ಸುತ್ತಿಕೊಂಡು ಕೂತಿರುತ್ತದೆ. ನಾನು ಇಷ್ಟು ದಿನ ದೊಡ್ಡ ಕರುಳು ಅಂದರೆ ಉದ್ದದ್ದು ಅಂದುಕೊಂಡಿದ್ದೆ. ಅಲ್ಲ! ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ, ದೊಡ್ಡದು ಬರೀ ಒಂದೂವರೆ ಮೀಟರ್, ಅಂದರೆ 5 ಅಡಿ. ಅಗಲ ಜಾಸ್ತಿ ಇರುವುದಕ್ಕೆ ದೊಡ್ಡದು ಅನ್ನೋ ಹೆಸರು.

ಇನ್ನು ಆ ಹಾಳೆ. ಪರೀಕ್ಷೆಗೆ ಮುಂಚೆ ಏನು ತಿನ್ನಬೇಕು, ಏನು ಬಿಡಬೇಕು ಅನ್ನೋದನ್ನು ಅಚ್ಚು ಹಾಕಿಸಿ ಕೊಡುತ್ತಾರೆ. ಪೂರ್ತಿ ಇಂಗ್ಲಿಷ್. ವೈಟ್ ಬ್ರೆಡ್ ತಿನ್ನಿ, ಜೆಲ್ಲಿ ತಿನ್ನಿ, ಆಪಲ್ ಜ್ಯೂಸ್ ಕುಡಿಯಿರಿ ಅಂತ ಇದೆ. ದಾವಣಗೆರೆಯಲ್ಲಿ ಕೂತು ಜೋಳದ ರೊಟ್ಟಿ ತಿನ್ನುವವರಿಗೆ ಇದರಿಂದ ಏನು ಗೊತ್ತಾಗಬೇಕು? ನನ್ನ ಪಕ್ಕದಲ್ಲಿ ಹಳ್ಳಿಯಿಂದ ಬಂದ ಒಬ್ಬ ಅಜ್ಜ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡರು. ಮನೆಯಲ್ಲಿ ಮೊಮ್ಮಗ ಓದಿ ಹೇಳುತ್ತಾನೆ ಅಂದರು. ಈ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಮುಖ್ಯ ಕರುಳು ಕ್ಲೀನ್ ಆಗಿರೋದು. ಕ್ಲೀನ್ ಆಗದಿದ್ದರೆ ಡಾಕ್ಟರಿಗೆ ಏನೂ ಕಾಣುವುದಿಲ್ಲ, ಇನ್ನೊಂದು ದಿನ ಮತ್ತೆ ಮಾಡಬೇಕು, ದುಡ್ಡೂ ಹೋಯಿತು, ಉಪವಾಸವೂ ದಂಡ. ಅಷ್ಟು ಮುಖ್ಯವಾದ ಹಾಳೆಯನ್ನು ಕನ್ನಡದಲ್ಲಿ ಕೊಡದೆ ಇರುವುದು ದೊಡ್ಡ ತಪ್ಪು. ಇದನ್ನು ಅವರ ಮುಖಕ್ಕೇ ಹೇಳಿ ಬಂದಿದ್ದೇನೆ.

ನಾನು ಸಿಸ್ಟರ್ ಹತ್ತಿರ ಒಂದೊಂದೇ ಕೇಳಿ ಬರೆದುಕೊಂಡೆ. ಎರಡು ದಿನ ಮುಂಚಿನಿಂದ ಸೊಪ್ಪು, ಕಾಳು, ರೊಟ್ಟಿ, ರಾಗಿ, ಬೀಜ ಇರುವ ಹಣ್ಣು ತರಕಾರಿ ಯಾವುದೂ ಬೇಡ. ಸೀಬೆಹಣ್ಣು, ಟೊಮೆಟೊ ಬೀಜ ಕರುಳಿನಲ್ಲಿ ಉಳಿದು ಕ್ಯಾಮೆರಾಕ್ಕೆ ಅಂಟಿಕೊಳ್ಳುತ್ತವಂತೆ. ಬಿಳಿ ಅನ್ನ, ಇಡ್ಲಿ, ಮೊಸರು ಆಗುತ್ತದೆ. ಹಿಂದಿನ ದಿನ ಬೆಳಿಗ್ಗೆ ಎರಡು ಇಡ್ಲಿ ತಿಂದರೆ ಮುಗೀತು. ಆಮೇಲೆ ಬರೀ ತಿಳಿಯಾದದ್ದು: ಎಳನೀರು, ನಿಂಬೆ ಶರಬತ್ತು, ಹಾಲು ಹಾಕದ ಟೀ, ಬಟ್ಟೆಯಲ್ಲಿ ಸೋಸಿದ ತಿಳಿಸಾರು. ಮಜ್ಜಿಗೆ ಅವತ್ತು ಬೇಡ. ಕೆಂಪು ಬಣ್ಣದ್ದು ಏನೂ ಬೇಡ, ಒಳಗೆ ರಕ್ತದ ತರ ಕಾಣುತ್ತದೆ. ನಾನು ರಕ್ತಹೀನತೆಗೆ ಐರನ್ ಮಾತ್ರೆ ತಗೊಳ್ಳುತ್ತಿದ್ದೆ, ಒಂದು ವಾರ ಮುಂಚೆಯೇ ನಿಲ್ಲಿಸಿ ಅಂದರು, ಅದು ಮಲವನ್ನು ಕಪ್ಪಗೆ ಮಾಡಿ ಕರುಳಿನ ಗೋಡೆಗೆ ಮೆತ್ತುತ್ತದಂತೆ. ಶುಗರ್ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಮಾತ್ರ ಸುಮ್ನೆ ನಿಲ್ಲಿಸಬೇಡಿ, ಡಾಕ್ಟರನ್ನೇ ಕೇಳಿ.

ಈಗ ಹಿಂದಿನ ರಾತ್ರಿಯ ವಿಷಯ. ಜನ ಕ್ಯಾಮೆರಾಕ್ಕೆ ಹೆದರುತ್ತಾರೆ, ಆದರೆ ನಿಜವಾದ ಕಷ್ಟ ಇರೋದು ಈ ರಾತ್ರಿಯಲ್ಲಿ. ಒಂದು ಪುಡಿ ಕೊಡುತ್ತಾರೆ. ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಲವಣಗಳು ಸೇರಿದ ಪುಡಿ. ಅದನ್ನು 2 ಲೀಟರ್ ನೀರಿನಲ್ಲಿ ಕರಗಿಸಿ ಕಾಲು ಗಂಟೆಗೊಂದು ಲೋಟ ಕುಡಿಯಬೇಕು. ನನಗೆ ಅರ್ಧ ರಾತ್ರಿ 7ಕ್ಕೆ, ಇನ್ನರ್ಧ ಬೆಳಗಿನ ಜಾವ 4ಕ್ಕೆ ಅಂತ ಹೇಳಿದ್ದರು. ಹೀಗೆ ಎರಡು ಸಲ ಮಾಡಿ ಕುಡಿದರೆ ಕರುಳು ಚೆನ್ನಾಗಿ ಕ್ಲೀನ್ ಆಗುತ್ತದೆ. ರುಚಿ ಉಪ್ಪುಪ್ಪು, ಮೇಲೆ ನಿಂಬೆ ವಾಸನೆ. ಮೂರು ಲೋಟದ ತನಕ ಪರವಾಗಿಲ್ಲ. ನಾಲ್ಕನೆಯದಕ್ಕೆ ವಾಕರಿಕೆ ಬಂತು. ನಾದಿನಿ ಜೊತೆಗಿದ್ದಳು, ನೀರನ್ನು ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿ ಕೊಟ್ಟಳು. ತಣ್ಣಗಿದ್ದರೆ ರುಚಿ ಅಷ್ಟು ಗೊತ್ತಾಗುವುದಿಲ್ಲ. ಇದು ಎಲ್ಲರಿಗೂ ಉಪಯೋಗ ಆಗುವ ಮಾತು.

ಆ ರಾತ್ರಿ ದೊಡ್ಡ ಕರುಳು ದಿನಾ ಏನು ಕೆಲಸ ಮಾಡುತ್ತದೆ ಅನ್ನೋದು ನನಗೆ ನಿಜವಾಗಿ ಅರ್ಥವಾಯಿತು. ಸಣ್ಣ ಕರುಳಿನಿಂದ ದಿನಕ್ಕೆ ಸುಮಾರು ಒಂದೂವರೆ ಲೀಟರ್ ನೀರು ನೀರಾದ ಗಂಜಿಯಂಥದ್ದು ದೊಡ್ಡ ಕರುಳಿಗೆ ಬಂದು ಬೀಳುತ್ತದೆ. ಊಟದ ಸತ್ವವನ್ನೆಲ್ಲ ಹೆಚ್ಚುಕಡಿಮೆ ಸಣ್ಣ ಕರುಳೇ ತೆಗೆದುಕೊಂಡಿರುತ್ತದೆ. ದೊಡ್ಡದರ ಕೆಲಸ ಉಳಿದ ನೀರನ್ನೂ ಉಪ್ಪನ್ನೂ ವಾಪಸ್ ದೇಹಕ್ಕೆ ಕೊಡುವುದು. ಮಲದಲ್ಲಿ ಹೊರಗೆ ಹೋಗುವ ನೀರು 100ರಿಂದ 200 ಮಿಲಿಲೀಟರ್ ಅಷ್ಟೇ. ಅಂದರೆ ಒಂದು ಲೋಟ ಬಿಟ್ಟು ಉಳಿದದ್ದೆಲ್ಲ ಉಳಿತಾಯ. ನಿಧಾನ ಆದರೆ ನೀರು ಜಾಸ್ತಿ ಹೀರಿ ಹೊಟ್ಟೆ ಕಟ್ಟುತ್ತದೆ, ಹೀರುವುದಕ್ಕೆ ಆಗದೆ ಹೋದರೆ ಭೇದಿ. ಈ ಪುಡಿ ಮಾಡುವುದೂ ಅದನ್ನೇ. ಕರುಳು ಇದನ್ನು ಹೀರಿಕೊಳ್ಳುವುದಿಲ್ಲ, ಇದು ನೀರನ್ನು ಗಟ್ಟಿಯಾಗಿ ಹಿಡಿದುಕೊಂಡು ಹಾಗೇ ಕೆಳಗೆ ತರುತ್ತದೆ. ಜೊತೆಗೆ ಲವಣ ಇರುವುದರಿಂದ ದೇಹದ ಉಪ್ಪು ಅಷ್ಟಾಗಿ ಕಳೆದುಹೋಗುವುದಿಲ್ಲ, ಸಾದಾ ಭೇದಿಯಲ್ಲಿ ಆಗುವಂಥ ಸುಸ್ತು ನನಗೆ ಆಗಲಿಲ್ಲ.

ಮೊದಲ ಲೋಟ ಕುಡಿದು ಒಂದು ಗಂಟೆಯಾದ ಮೇಲೆ ಶುರುವಾಯಿತು. ಆಮೇಲೆ ಎಷ್ಟು ಸಲ ಹೋದೆನೋ ಲೆಕ್ಕ ಇಡಲಿಲ್ಲ. ಕೊಬ್ಬರಿ ಎಣ್ಣೆ ಮೊದಲೇ ಹಚ್ಚಿಕೊಂಡಿರಿ, ಉರಿ ಆಗುವುದಿಲ್ಲ. ಮನೆಯಲ್ಲಿ ಒಂದೇ ಟಾಯ್ಲೆಟ್ ಇದ್ದರೆ ಅವತ್ತು ರಾತ್ರಿ ಅದು ನಿಮಗೇ ಅಂತ ಎಲ್ಲರಿಗೂ ಹೇಳಿಬಿಡಿ. ಕಂದು ಬಣ್ಣ ಹೋಗಿ ಹಳದಿ ಬಂತು, ಬೆಳಗಿನ ಜಾವದ ಸುತ್ತಿನಲ್ಲಿ ಹಳದಿಯೂ ತಿಳಿಯಾಗಿ ಬರೀ ನೀರು ಬಂತು. ಹಾಗೆ ಬಂದರೆ ಸರಿಯಾಗಿದೆ ಅಂತ ಅರ್ಥ. ಆಮೇಲೆ ಕೊಟ್ಟ ರಿಪೋರ್ಟಿನಲ್ಲಿ ಕರುಳು ಎಷ್ಟು ಕ್ಲೀನ್ ಇತ್ತು ಅನ್ನೋದಕ್ಕೂ ಅಂಕ ಇರುತ್ತದೆ. ಬೋಸ್ಟನ್ ಸ್ಕೇಲ್ ಅಂತ, ಬಲಭಾಗ, ಅಡ್ಡಭಾಗ, ಎಡಭಾಗಕ್ಕೆ ತಲಾ 3, ಒಟ್ಟು 9. ನನಗೆ 8 ಬಂತು. ಆ ರಾತ್ರಿಯ ಕಷ್ಟಕ್ಕೆ ಸಿಕ್ಕ ಅಂಕ ಅದು, ನನಗೆ ತುಂಬಾ ಖುಷಿಯಾಯಿತು.

ಬೆಳಿಗ್ಗೆ 9ಕ್ಕೆ ಬನ್ನಿ ಅಂದಿದ್ದರು, ಒಳಗೆ ಕರೆದದ್ದು 11:20ಕ್ಕೆ. ಕಾಯುವ ಜಾಗದಲ್ಲಿ ಹೆಂಗಸರಿಗೆ ಒಂದೇ ಟಾಯ್ಲೆಟ್. ಅಲ್ಲಿ ಕೂತವರೆಲ್ಲ ಅದೇ ಪುಡಿ ಕುಡಿದು ಬಂದವರು. ನೆಲ ಒದ್ದೆ, ಬಾಗಿಲ ಚಿಲಕ ಸರಿ ಇಲ್ಲ, ನಾದಿನಿ ಹೊರಗಡೆ ಬಾಗಿಲು ಹಿಡಿದುಕೊಂಡು ನಿಂತಳು. ಶುಗರ್ ಇದ್ದ ಒಬ್ಬರು ಹಸಿವಿನಿಂದ ನಡುಗಲು ಶುರು ಮಾಡಿದ ಮೇಲೆ ಸಿಸ್ಟರ್ ಓಡಿಬಂದು ಅವರನ್ನು ಮೊದಲು ಒಳಗೆ ಕರೆದುಕೊಂಡರು. ಶುಗರ್ ಇರುವವರನ್ನು ಬೆಳಿಗ್ಗೆ ಮೊದಲ ಸರದಿಗೇ ಹಾಕಬೇಕಲ್ವಾ? ಇಷ್ಟು ಒಳ್ಳೆಯ ಯಂತ್ರ ತಂದಿಟ್ಟವರಿಗೆ ಇನ್ನೆರಡು ಟಾಯ್ಲೆಟ್ ಕಟ್ಟಿಸುವುದು ಕಷ್ಟವಲ್ಲ.

ಒಳಗೆ ಹೋದ ಮೇಲೆ ಎಲ್ಲ ಬದಲಾಯಿತು. ಹಿಂದೆ ಮಾತ್ರ ತೆರೆಯುವ ಗೌನ್ ಕೊಟ್ಟರು, ಮೈಮೇಲೆ ಹೊದಿಕೆ ಹೊದಿಸಿದರು. ಎಡಮಗ್ಗುಲಾಗಿ ಮಲಗಿ ಮಂಡಿ ಮಡಚಿಕೊಳ್ಳಬೇಕು. ಪೂರ್ತಿ ನಿದ್ದೆ ಬರಿಸಲೋ, ಸ್ವಲ್ಪ ಮಂಪರು ಸಾಕೋ ಅಂತ ಕೇಳಿದರು. ಬಹಳ ಜನ ನಿದ್ದೆಯನ್ನೇ ಕೇಳುತ್ತಾರೆ, ಅದೂ ಒಳ್ಳೆಯದೇ. ನಾನು ನೋಡಬೇಕು ಅಂದೆ. ಅಪ್ಪಾಜಿಯ ಹೊಟ್ಟೆಯಲ್ಲಿ ಏನಾಯಿತು ಅನ್ನೋದನ್ನು ಏಳು ವರ್ಷದಿಂದ ಬರೀ ಊಹಿಸಿಕೊಂಡಿದ್ದೆ, ಒಳಗೆ ಹೇಗಿರುತ್ತದೆ ಅಂತ ಕಣ್ಣಾರೆ ನೋಡಬೇಕಿತ್ತು. ಡಾಕ್ಟರ್ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು.

ಕ್ಯಾಮೆರಾ ಊಟ ಬರುವ ದಾರಿಯಲ್ಲಿ ಉಲ್ಟಾ ಹೋಗುತ್ತದೆ. ಮೊದಲು ಗುದನಾಳ. ಕ್ಯಾಮೆರಾ ಇರುವುದು ಕೈಬೆರಳಿನಷ್ಟು ದಪ್ಪದ ಪೈಪಿನ ತುದಿಯಲ್ಲಿ. ಒಳಗೆ ಹೋದದ್ದು ನೋವಾಗಲಿಲ್ಲ, ಟಾಯ್ಲೆಟ್‌ಗೆ ಹೋಗಬೇಕು ಅನ್ನಿಸಿತು ಅಷ್ಟೇ. ಗುದನಾಳ ತುಂಬಿದಾಗ ಹಾಗೆ ಅನ್ನಿಸುವುದೇ ಅದರ ಕೆಲಸ. ಕೆಳಗೆ ಎರಡು ಬಿಗಿ ಸ್ನಾಯುಗಳಿವೆ, ಒಳಗಿನದು ನಮ್ಮ ಮಾತು ಕೇಳುವುದಿಲ್ಲ, ತಾನೇ ಸಡಿಲ ಆಗುತ್ತದೆ, ಹೊರಗಿನದು ಮಾತ್ರ ನಮ್ಮ ಕೈಯಲ್ಲಿದೆ. ಆಮೇಲೆ ಎಸ್ ತಿರುವು. ನಿಜವಾಗಿ ನೋವಾದದ್ದು ಇಲ್ಲಿ. ಕರುಳನ್ನು ಕೊಯ್ದರೂ ಗೊತ್ತಾಗುವುದಿಲ್ಲವಂತೆ, ಹಿಗ್ಗಿಸಿದರೆ ಮಾತ್ರ ನೋಯುತ್ತದೆ. ಪೈಪು ಅಲ್ಲಿ ಕುಣಿಕೆಯಾಗಿ ಕರುಳನ್ನು ಎಳೆಯಿತು. ಸಿಸ್ಟರ್ ನನ್ನ ಹೊಟ್ಟೆಯನ್ನು ಅಂಗೈಯಿಂದ ಒತ್ತಿ ಹಿಡಿದರು, ಡಾಕ್ಟರ್ ಪೈಪನ್ನು ಸ್ವಲ್ಪ ಹಿಂದಕ್ಕೆ ಎಳೆದು ನೆಟ್ಟಗೆ ಮಾಡಿಕೊಂಡರು. ಎರಡು ನಿಮಿಷದಲ್ಲಿ ನೋವು ಹೋಯಿತು. "ಅಪ್ಪಾಜಿಗೆ ಆಗಿದ್ದು ಇದೇ ಜಾಗದಲ್ಲಿ ಅಲ್ವಾ? ನಿಮ್ಮದು ನೋಡಿ, ಕ್ಲೀನಾಗಿದೆ" ಅಂದರು. ನನ್ನ ಕಣ್ಣಲ್ಲಿ ನೀರು ಬಂತು. ಫೈಲ್ ಓದಿಕೊಂಡು ಬಂದಿದ್ದರಲ್ಲ ಆ ಡಾಕ್ಟರ್, ಅದಕ್ಕೇ ನಾನು 5 ಸ್ಟಾರ್ ಕೊಟ್ಟದ್ದು.

ಒಳಗೆ ಎಷ್ಟು ಚೆಂದ ಇದೆ ಅಂದರೆ ನಂಬುವುದಿಲ್ಲ ನೀವು. ನಸುಗೆಂಪು, ಒದ್ದೆಯಾಗಿ ಹೊಳೆಯುವ ಗೋಡೆ, ಅದರ ಮೇಲೆ ಎಲೆಯ ನರದ ಹಾಗೆ ಕವಲೊಡೆದ ಸಣ್ಣ ರಕ್ತನಾಳಗಳು. ಸಣ್ಣ ಕರುಳಿನಲ್ಲಿರುವ ಬೆರಳುಗಳಂಥ ಎಳೆಗಳು ಇಲ್ಲಿ ಇಲ್ಲ, ಗೋಡೆ ನುಣುಪು. ಲೋಳೆ ಸುರಿಸುವ ಕೋಶಗಳು ತುಂಬಾ ಇರುವುದರಿಂದ ಆ ಹೊಳಪು. ಹೊರಮೈ ಮೇಲೆ ಉದ್ದಕ್ಕೆ ಮೂರು ಪಟ್ಟಿ ಸ್ನಾಯುಗಳಿವೆ, ಲಂಗಕ್ಕೆ ಲಾಡಿ ಎಳೆದು ನೆರಿಗೆ ಬರಿಸಿದ ಹಾಗೆ ಅವು ಕರುಳನ್ನು ಎಳೆದು ಕಟ್ಟಿರುತ್ತವೆ, ಅದಕ್ಕೇ ದೊಡ್ಡ ಕರುಳು ಸಾಲಾಗಿ ಚೀಲ ಚೀಲವಾಗಿ ಕಾಣುತ್ತದೆ. ಅಡ್ಡ ಹೋಗುವ ಭಾಗಕ್ಕೆ ಬಂದಾಗ ದಾರಿ ತ್ರಿಕೋನವಾಗಿ ಕಂಡಿತು. ಲಿವರ್ ಹತ್ತಿರದ ತಿರುವಿನಲ್ಲಿ ಗೋಡೆಯ ಆಚೆಯಿಂದ ಲಿವರ್‌ನ ನೀಲಿ ನೆರಳು ಕಾಣಿಸಿತು. ಕೊನೆಗೆ ಸೀಕಮ್. ಮೂರು ಪಟ್ಟಿಗಳೂ ಬಂದು ಅಲ್ಲಿ ಕೂಡುತ್ತವೆ, ಕಾಗೆಯ ಕಾಲಿನ ಗುರುತಿನ ಹಾಗೆ. ನಡುವೆ ಅಪೆಂಡಿಕ್ಸ್‌ನ ಸಣ್ಣ ತೂತು. ಪಕ್ಕದಲ್ಲಿ ಸಣ್ಣ ಕರುಳು ಬಂದು ಸೇರುವ ಬಾಗಿಲು, ತುಟಿಗಳ ತರ ಇದೆ. ಅದನ್ನು ಫೋಟೋ ತೆಗೆದರು. ಇಲ್ಲಿಯ ತನಕ ಬಂದಿದ್ದೇವೆ ಅನ್ನೋದಕ್ಕೆ ಆ ಫೋಟೋನೇ ಸಾಕ್ಷಿ. ನೀವು ಎಲ್ಲೇ ಮಾಡಿಸಿದರೂ ರಿಪೋರ್ಟಿನಲ್ಲಿ ಆ ಫೋಟೋ ಇದೆಯಾ ಅಂತ ನೋಡಿಕೊಳ್ಳಿ.

ಇನ್ನೊಂದು ನೋಡಬೇಕಾದ್ದು ಹಿಂದಕ್ಕೆ ಬರುವ ಸಮಯ. ಒಳಗೆ ಹೋಗುವಾಗ ಬರೀ ದಾರಿ ಹಿಡಿಯುವುದು, ನಿಜವಾದ ಹುಡುಕಾಟ ಪೈಪು ಹೊರಗೆ ತೆಗೆಯುವಾಗ. ಕನಿಷ್ಠ 6 ನಿಮಿಷವಾದರೂ ಅದಕ್ಕೆ ಕೊಡಬೇಕು ಅನ್ನೋದು ವೈದ್ಯರ ನಿಯಮ. ನನ್ನ ಡಾಕ್ಟರ್ 11 ನಿಮಿಷ ತಗೊಂಡರು. ಪ್ರತಿ ಮಡಿಕೆಯ ಹಿಂದೆ ಇಣುಕಿದರು, ನೀರು ಹಾಯಿಸಿ ತೊಳೆದರು. ಹಾಗೆ ನೋಡಿದ್ದಕ್ಕೇ ಬಲಗಡೆ ಏರುವ ಭಾಗದಲ್ಲಿ, ಒಂದು ಮಡಿಕೆಯ ಮರೆಯಲ್ಲಿ, 5 ಮಿಲಿಮೀಟರ್‌ನ ಒಂದು ಗಂಟು ಸಿಕ್ಕಿತು. ಪಾಲಿಪ್ ಅಂತಾರೆ. "ಮೈಮೇಲೆ ನರುಳ್ಳೆ ಬರುತ್ತಲ್ಲ, ಆ ತರ" ಅಂದರು. ಪೈಪಿನ ಒಳಗಿಂದಲೇ ಒಂದು ತಂತಿಯ ಕುಣಿಕೆ ಬಿಟ್ಟು, ಬುಡಕ್ಕೆ ಹಾಕಿ ಬಿಗಿದು, ಕತ್ತರಿಸಿ ತೆಗೆದೇಬಿಟ್ಟರು. ನನಗೆ ಚೂರೂ ಗೊತ್ತಾಗಲಿಲ್ಲ. ಎರಡು ಹನಿ ರಕ್ತ ಬಂದು ನಿಂತಿತು.

ಈ ಕುಣಿಕೆಯ ವಿಧಾನ ಶುರುವಾದದ್ದು 1969ರಲ್ಲಿ, ನ್ಯೂಯಾರ್ಕಿನಲ್ಲಿ. ಹಿರೋಮಿ ಶಿನ್ಯಾ, ವಿಲಿಯಂ ವುಲ್ಫ್ ಅನ್ನೋ ಇಬ್ಬರು ಸರ್ಜನ್‌ಗಳು ಮಾಡಿ ತೋರಿಸಿದರು. ಅದಕ್ಕೆ ಮುಂಚೆ ಅಷ್ಟು ಒಳಗಿರುವ ಗಂಟು ತೆಗೆಯಬೇಕಾದರೆ ಹೊಟ್ಟೆಯನ್ನೇ ಕೊಯ್ಯಬೇಕಿತ್ತು. ದೊಡ್ಡ ಕರುಳಿನ ಬಹುಪಾಲು ಕ್ಯಾನ್ಸರ್‌ಗಳು ಇಂಥ ಸಣ್ಣ ಗಂಟಿನಿಂದಲೇ ಶುರುವಾಗುತ್ತವೆ, ಬೆಳೆಯುವುದಕ್ಕೆ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಹಿಡಿಯುತ್ತದೆ. ಎಲ್ಲ ಗಂಟೂ ಕ್ಯಾನ್ಸರ್ ಆಗುವುದಿಲ್ಲ. ಆದರೆ ಅಷ್ಟು ವರ್ಷ ಅದು ಸುಮ್ಮನೆ ಕೂತಿರುತ್ತದೆ, ನೋವಿಲ್ಲ, ಏನಿಲ್ಲ. ಅಪ್ಪಾಜಿಯ ಹೊಟ್ಟೆಯಲ್ಲೂ ಒಂದು ಕಾಲದಲ್ಲಿ 5 ಮಿಲಿಮೀಟರ್ ಇದ್ದಿರಬೇಕು. ಅವರು ದಾವಣಗೆರೆ ಹರಿಹರ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಕಾಲದಲ್ಲಿ.

ತೆಗೆದ ಗಂಟನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿದ ಬಯಾಪ್ಸಿ ರಿಪೋರ್ಟ್ 7 ದಿನಕ್ಕೆ ಬಂತು. ಅಡೆನೋಮಾ, ಅಂದರೆ ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದಾದ ಜಾತಿಯ ಗಂಟು, ಆದರೆ ಈಗ ಕ್ಯಾನ್ಸರ್ ಇಲ್ಲ. ಮನೆಯ ಇತಿಹಾಸ ಇರುವುದರಿಂದ 5 ವರ್ಷಕ್ಕೆ ಮತ್ತೆ ಬನ್ನಿ ಅಂದರು. ಒಟ್ಟು ಬಿಲ್ 9,400 ರೂಪಾಯಿ. ಬಯಾಪ್ಸಿಗೆ ಬೇರೆ ದುಡ್ಡು ಅಂತ ಮೊದಲೇ ಹೇಳಿರಲಿಲ್ಲ, ಕೇಳಿದ ಮೇಲೆ ಬರೆದು ತೋರಿಸಿದರು. ಮುಂಚೆಯೇ ಕೇಳಿಕೊಂಡು ಹೋಗಿ.

ಮುಗಿದ ಮೇಲೆ ಅರ್ಧ ಗಂಟೆ ಮಲಗಿಸಿದರು. ಗ್ಯಾಸ್ ಹೋಗಲಿ, ನಾಚಿಕೊಳ್ಳಬೇಡಿ, ಅದು ಹೋದರೇನೇ ಹೊಟ್ಟೆ ಹಗುರ ಅಂದರು ಸಿಸ್ಟರ್. ಒಳಗೆ ಚೆನ್ನಾಗಿ ಕಾಣಲಿ ಅಂತ ಕರುಳನ್ನು ಉಬ್ಬಿಸಲು ಇಲ್ಲಿ ಗಾಳಿಯ ಬದಲು ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ, ಅದು ಬೇಗ ರಕ್ತಕ್ಕೆ ಸೇರಿ ಹೋಗುವುದರಿಂದ ಉಬ್ಬರ ಕಡಿಮೆ. ಅವತ್ತು ಗಾಡಿ ಓಡಿಸುವ ಹಾಗಿಲ್ಲ, ಜೊತೆಗೆ ಒಬ್ಬರು ಬೇಕೇ ಬೇಕು. ನನಗೆ ಬೆಣ್ಣೆ ದೋಸೆ ತಿನ್ನುವ ಆಸೆ ಆಗಿತ್ತು. ಮೊದಲು ಮೊಸರನ್ನ ತಿನ್ನಿ, ನಾಳೆ ದೋಸೆ ಅಂದರು.

ಒಂದು ಪ್ರಶ್ನೆ ನನ್ನ ತಲೆಯಲ್ಲಿತ್ತು, ಕೇಳಿಯೇಬಿಟ್ಟೆ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೆಲ್ಲ ಪುಡಿಯ ಜೊತೆ ಕೊಚ್ಚಿ ಹೋದವಲ್ಲ? ಹೋಗುತ್ತವೆ, ಆದರೆ ಗೋಡೆಯ ಲೋಳೆಯಲ್ಲಿ ಉಳಿದವು ಕೆಲವೇ ವಾರಗಳಲ್ಲಿ ಮತ್ತೆ ಬೆಳೆದು ತುಂಬಿಕೊಳ್ಳುತ್ತವೆ ಅಂದರು ಡಾಕ್ಟರ್. ನಮ್ಮ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇದ್ದಾವೆ ಅಂತ ಲೆಕ್ಕ, ಹೆಚ್ಚುಕಡಿಮೆ ಎಲ್ಲವೂ ಈ 5 ಅಡಿಯಲ್ಲೇ. ನಾವು ತಿಂದ ನಾರನ್ನು ಸಣ್ಣ ಕರುಳಿಗೆ ಜೀರ್ಣ ಮಾಡಲು ಆಗುವುದಿಲ್ಲ, ಅದು ಇವುಗಳ ಪಾಲು. ಅದನ್ನು ಹುದುಗಿಸಿ ಬ್ಯುಟಿರೇಟ್ ಅನ್ನೋ ಕೊಬ್ಬಿನ ಆಮ್ಲ ಮಾಡುತ್ತವೆ, ದೊಡ್ಡ ಕರುಳಿನ ಗೋಡೆಯ ಕೋಶಗಳಿಗೆ ಅದೇ ಮುಖ್ಯ ಊಟ. ವಿಟಮಿನ್ ಕೆ ಕೂಡ ಸ್ವಲ್ಪ ತಯಾರಾಗುತ್ತದೆ. ಕಾಳು ತಿಂದಾಗ ಗ್ಯಾಸ್ ಆಗುವುದೂ ಇವುಗಳ ಕೆಲಸದಿಂದಲೇ. ಅಂದರೆ ಅಜ್ಜಿ ಮಾಡುತ್ತಿದ್ದ ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ರಾತ್ರಿ ಉಳಿದು ತಣ್ಣಗಾದ ಅನ್ನ ಎಲ್ಲ ಇವುಗಳಿಗೆ ಹೋಗಿ ಸೇರುತ್ತಿತ್ತು. ಬೇಯಿಸಿದ ಅನ್ನ ತಣ್ಣಗಾದಾಗ ಅದರ ಪಿಷ್ಟದಲ್ಲಿ ಒಂದು ಪಾಲು ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ, ಅದೂ ನಾರಿನ ಹಾಗೇ ದೊಡ್ಡ ಕರುಳಿನ ತನಕ ಬರುತ್ತದೆ.

ಇನ್ನು ಯಾರು ಹೋಗಬೇಕು ಅನ್ನೋದು. ರಕ್ತ ಬೀಳುವುದು, ಮೊದಲು ಸರಿ ಇದ್ದ ಅಭ್ಯಾಸ ವಾರಗಟ್ಟಲೆ ಬದಲಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ವಯಸ್ಸಾದವರಲ್ಲಿ ರಕ್ತ ಕಡಿಮೆ ಆಗುವುದು, ಇಂಥದ್ದೇನಾದರೂ ಇದ್ದರೆ ದಯವಿಟ್ಟು ಡಾಕ್ಟರ್ ಹತ್ತಿರ ಹೋಗಿ. ಬಹಳ ಸಲ ಅದು ಬರೀ ಪೈಲ್ಸ್ ಆಗಿರುತ್ತದೆ. ಆದರೆ ಅದನ್ನು ನೋಡಿ ಹೇಳಬೇಕು, ಮನೆಯಲ್ಲಿ ಕೂತು ಊಹಿಸಬಾರದು. ಈ ಪರೀಕ್ಷೆಯಲ್ಲಿ ಅಪಾಯ ಇಲ್ಲವೇ ಇಲ್ಲ ಅನ್ನುವುದಿಲ್ಲ, ಕರುಳಿಗೆ ತೂತಾಗುವುದು, ರಕ್ತ ನಿಲ್ಲದೆ ಹೋಗುವುದು ತೀರಾ ಅಪರೂಪಕ್ಕೆ ಆಗುತ್ತದೆ. ಸಹಿ ಹಾಕಿಸಿಕೊಳ್ಳುವ ಮುಂಚೆ ನನಗೆ ಅದನ್ನೂ ಕನ್ನಡದಲ್ಲೇ ಬಿಡಿಸಿ ಹೇಳಿದರು.

ಬಯಾಪ್ಸಿ ರಿಪೋರ್ಟ್ ತರಲು ಹೋದಾಗ ಊಟದ ಪಟ್ಟಿಯನ್ನು ಕನ್ನಡದಲ್ಲಿ ದುಂಡಗೆ ಬರೆದು ಕೊಂಡೊಯ್ದು ಆ ಸಿಸ್ಟರ್ ಕೈಗೆ ಕೊಟ್ಟೆ. ಅನ್ನ, ಇಡ್ಲಿ, ಎಳನೀರು, ತಿಳಿಸಾರು, ಬೇಡದ್ದು ಯಾವುದು, ಪುಡಿಯ ನೀರನ್ನು ತಣ್ಣಗೆ ಮಾಡಿ ಕುಡಿಯಿರಿ, ಎಲ್ಲ ಬರೆದಿದ್ದೆ. ಡಾಕ್ಟರಿಗೆ ತೋರಿಸಿ ಎರಡು ಕಡೆ ತಿದ್ದಿಸಿದರು, ಆಮೇಲೆ ಐವತ್ತು ಜೆರಾಕ್ಸ್ ಮಾಡಿಸಿ ಕೌಂಟರಿನಲ್ಲಿ ಇಟ್ಟರು. ಅದರಲ್ಲಿ ಒಂದನ್ನು ತಮ್ಮನಿಗೆ ಅಂತ ತಂದಿದ್ದೇನೆ. ಅವನಿಗೆ ಬರುವ ತಿಂಗಳು 40 ತುಂಬುತ್ತದೆ. ಎರಡನೇ ಶನಿವಾರ ಬೆಳಿಗ್ಗೆ ಮೊದಲ ಸರದಿಯೇ ಬೇಕು ಅಂತ ಕೇಳಿ ಹೆಸರು ಬರೆಸಿದ್ದೇನೆ, ಹಿಂದಿನ ರಾತ್ರಿ ಅವನು ನಮ್ಮ ಮನೆಯಲ್ಲೇ ಇರುತ್ತಾನೆ.